ಕೆಲಸದ ಲೆಕ್ಕವೂ ಕೂಲಿಯ ಲೆಕ್ಕವೂ

ನಮ್ಮ ರಾಷ್ಟ್ರದ ದಾರಿದ್ರ್ಯವನ್ನು ಮೊಟ್ಟಮೊದಲು ಅಂಕಿಗಳಿಂದ ಅಳೆದು ಲೋಕಕ್ಕೆ ತೋರಿಸಿದ ಮಹನೀಯರು ದಾದಾಭಾಯಿ ನವರೋಜಿಯವರು. 1867-68ನೆಯ ಸಾಲಿನಲ್ಲಿ ಬ್ರಿಟಿಷ್ ಹಿಂದುಸ್ಥಾನದ ಪ್ರಜೆಯೊಬ್ಬನ ಸರಾಸರಿ ವಾರ್ಷಿಕ ಉತ್ಪನ್ನವು 20 ರೂಪಾಯಿ ಮಾತ್ರವೆಂದು ಅವರು ಸರಕಾರದ ದಫ್ತರಗಳಿಂದಲೇ ಲೆಕ್ಕ ತೆಗೆದರು. ಸೆರೆಮನೆಯ ಕೈದಿಯ ಅನ್ನವಸ್ತ್ರಕ್ಕೆ ತಗಲುವಷ್ಟು ಹಣವೂ ದುಡಿಯುವ ರೈತನಿಗೆ ದಕ್ಕುತ್ತಿಲ್ಲವೆಂಬುದು ಆ ಲೆಕ್ಕದಿಂದ ಬಯಲಾಯಿತು. ಅಂಕಿಗಳನ್ನು ತಾನೇ ಓದಬಲ್ಲ ಪ್ರಜೆಯನ್ನು ಆಳುವವರು ಸುಲಭವಾಗಿ ನಂಬಿಸಲಾರರು ಎಂಬ ಪಾಠವನ್ನು ಅವರಿಂದ ನಾವು ಕಲಿತಿದ್ದೇವೆ. ಸ್ವರಾಜ್ಯ ಬಂದ ಮಾತ್ರಕ್ಕೆ ಆ ಪಾಠವನ್ನು ಮರೆಯಲು ಕಾರಣವಿಲ್ಲ.

ಮಹಲನೋಬಿಸರ ಪ್ರೇರಣೆಯಿಂದ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪರಂಪರೆಯಲ್ಲಿಯೇ, 2017ರ ಏಪ್ರಿಲ್‌ನಿಂದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯು ನಡೆದುಬಂದಿದೆ. ಅದರ ಪ್ರಕಾರ 2017-18ರಲ್ಲಿ ಶೇಕಡಾ 6.1 ಇದ್ದ ನಿರುದ್ಯೋಗವು 2023-24ರಲ್ಲಿ ಶೇಕಡಾ 3.2ಕ್ಕೆ ಇಳಿದಿದೆ. ಸಂತೋಷದ ವಾರ್ತೆಯೇ ಸರಿ. ಆದರೆ ಉದ್ಯೋಗಿಯೆಂದು ಅಲ್ಲಿ ಯಾರನ್ನು ಎಣಿಸಿದ್ದಾರೆ ಎಂಬುದನ್ನು ವಾಚಕರು ವಿಚಾರಿಸಬೇಡವೇ?

ಈ ಸಮೀಕ್ಷೆಯ ವಾರ್ಷಿಕ ಗಣನೆಯಲ್ಲಿ, ವರ್ಷದ ಬಹುಭಾಗ ಕೆಲಸವಿಲ್ಲದವನೂ ಮೂವತ್ತು ದಿನ ಏನಾದರೊಂದು ಕಸುಬು ಮಾಡಿದ್ದರೆ ಉದ್ಯೋಗಿಯೆನಿಸುತ್ತಾನೆ. ವಾರದ ಗಣನೆಯಲ್ಲಿ ಏಳು ದಿನಗಳೊಳಗೆ ಒಂದು ತಾಸು ದುಡಿದರೂ ಸಾಕು. ಗಂಡನ ಹೊಲದಲ್ಲಿ ಕಳೆ ಕೀಳುವ, ಮಾವನ ಅಂಗಡಿಯಲ್ಲಿ ತೂಕ ಹಾಕುವ ಹೆಣ್ಣುಮಗಳು ಒಂದು ಕಾಸಿನ ಕೂಲಿಯನ್ನೂ ಕಾಣದಿದ್ದರೂ ಸ್ವಂತ ಉದ್ಯೋಗದವರ ಪಟ್ಟಿಗೆ ಸೇರುತ್ತಾಳೆ. ಆಕೆಯ ದುಡಿಮೆ ದುಡಿಮೆಯೇ, ಅದನ್ನು ಎಣಿಸಿದ್ದು ನ್ಯಾಯವೇ. ಎಣಿಸಿದ ಮೇಲೆ ಅದನ್ನು ಸಂಪಾದನೆಯೆಂದು ಬಗೆಯುವುದು ಮಾತ್ರ ಅನ್ಯಾಯ. ಹದಿನೈದು ವರ್ಷ ಮೀರಿದ ಸ್ತ್ರೀಯರಲ್ಲಿ ಕಾರ್ಮಿಕ ಬಲಕ್ಕೆ ಸೇರಿದವರು ಇದೇ ಅವಧಿಯಲ್ಲಿ ಶೇಕಡಾ 23.3ರಿಂದ 41.7ಕ್ಕೆ ಏರಿದರೆಂದು ಹೇಳುತ್ತಾರೆ. ಆದರೆ 2023-24ರಲ್ಲಿ ದುಡಿಯುತ್ತಿದ್ದ ಸ್ತ್ರೀಯರೊಳಗೆ ಮೂರರಲ್ಲೊಂದು ಪಾಲಿಗೂ ಮಿಕ್ಕಿ ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ನೆರವಾಗುವವರೇ ಇದ್ದರು.

ಇನ್ನು ತಿಂಗಳ ಸಂಬಳದವರ ಸ್ಥಿತಿಯನ್ನು ನೋಡೋಣ. ಅದೇ ವರ್ಷ ದುಡಿಯುವವರಲ್ಲಿ ಸಂಬಳದ ಕೆಲಸವಿದ್ದವರು ಸುಮಾರು ಐದರಲ್ಲೊಬ್ಬರು. ಕೃಷಿಯನ್ನು ಬಿಟ್ಟು ಉಳಿದ ಕಸುಬುಗಳ ಇಂಥ ನೌಕರರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಬರವಣಿಗೆಯ ಕರಾರು ಇರಲಿಲ್ಲ. ನಾಳೆ ಬರಬೇಡವೆಂದು ಧಣಿ ಹೇಳಿದರೆ ತೋರಿಸಲು ಅವರ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಕರಾರಿಲ್ಲದ ನೌಕರನ ಮೊಕದ್ದಮೆಯು ಎಷ್ಟು ದುರ್ಬಲವೆಂಬುದು ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ನೇಮಕ ಪತ್ರವನ್ನು ಕಡ್ಡಾಯ ಮಾಡಿವೆ, ಕನಿಷ್ಠ ಕೂಲಿಗೆ ರಾಷ್ಟ್ರವ್ಯಾಪಿಯಾದ ತಳಮಟ್ಟವನ್ನು ಕಾಯಿದೆಯಲ್ಲಿಯೇ ಸೇರಿಸಿವೆ. ಕಾಯಿದೆಯು ಕಾಗದದ ಮೇಲೆ ಉಳಿಯಿತೋ ಗಿರಣಿಯ ಬಾಗಿಲನ್ನು ಮುಟ್ಟಿತೋ ಎಂಬುದಕ್ಕೆ ಇವೇ ಅಂಕಿಗಳು ಮುಂದೆ ಸಾಕ್ಷಿ ನುಡಿಯಬೇಕು.

ಸಾಕ್ಷಿಯು ಸಕಾಲದಲ್ಲಿ ಬಂದರೆ ಮಾತ್ರ ಬೆಲೆ. 2017-18ರ ವರದಿಯು ಸಂಖ್ಯಾಶಾಸ್ತ್ರ ಆಯೋಗದ ಒಪ್ಪಿಗೆ ಪಡೆದಿದ್ದರೂ ಹೊರಬಂದುದು ಲೋಕಸಭೆಯ ಚುನಾವಣೆ ಮುಗಿದ ಮೇಲೆ, 2019ರ ಮೇ 31ರಂದು. ಅದಕ್ಕೆ ಮುಂಚೆ ಜನವರಿಯಲ್ಲಿಯೇ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆಯಿತ್ತು ಹೊರನಡೆದಿದ್ದರು. ಮತ ಹಾಕುವ ಪ್ರಜೆಗೆ ಮತ ಹಾಕುವ ಮುನ್ನ ತಿಳಿಯದ ಅಂಕಿಯಿಂದ ಪ್ರಯೋಜನವೇನು?

2025ರ ಮೇ ತಿಂಗಳಿನಿಂದ ಈ ಲೆಕ್ಕವು ತಿಂಗಳು ತಿಂಗಳೂ ಪ್ರಕಟವಾಗುತ್ತಿದೆ. ಮಾದರಿಯನ್ನು ಆರಿಸುವಾಗ ಜಿಲ್ಲೆಯನ್ನೇ ಮೂಲ ಘಟಕವನ್ನಾಗಿ ಹಿಡಿದಿದ್ದಾರೆ. ಇದು ಸ್ವಾಗತಾರ್ಹ. ನಮ್ಮ ಬೇಡಿಕೆಗಳು ಎರಡು. ನಿರುದ್ಯೋಗದ ಒಂದು ಅಂಕಿಯನ್ನು ಸಾರುವಲ್ಲೆಲ್ಲ ಸಂಬಳವಿಲ್ಲದವರ, ಕರಾರಿಲ್ಲದವರ ಅಂಕಿಗಳನ್ನೂ ಜೊತೆಯಲ್ಲಿಯೇ ಸಾರಬೇಕು. ಕರ್ನಾಟಕದ ಜಿಲ್ಲೆಗಳ ಲೆಕ್ಕವು ಸ್ವಚ್ಛವಾದ ಕನ್ನಡದಲ್ಲಿ ಊರೂರಿನ ವಾಚನಾಲಯವನ್ನು ತಲುಪಬೇಕು.

ಶಿಕ್ಷಕ ಬಂಧುಗಳಲ್ಲಿಯೂ ಒಂದು ಬಿನ್ನಹ. ಶೇಕಡಾವಾರಿನ ಲೆಕ್ಕವನ್ನು ಕಲಿಸುವ ದಿನ ಈ ಅಂಕಿಗಳನ್ನೇ ಹಲಗೆಯ ಮೇಲೆ ಬರೆಯಿರಿ. ತನ್ನ ತಾಯಿಯ ದುಡಿಮೆ ಯಾವ ಪಟ್ಟಿಯಲ್ಲಿದೆ, ಅದಕ್ಕೆ ಕೂಲಿಯೆಷ್ಟು ಎಂದು ಹುಡುಗನೊಬ್ಬನು ಕೇಳಿದರೆ ನವರೋಜಿಯವರ ಕಾರ್ಯವು ನಿಮ್ಮ ಶಾಲೆಯಲ್ಲಿ ಮುಂದುವರಿದಂತೆಯೇ ಸರಿ.