ಪೊರೆ ಕಳಚುವ ಚೇಳಿಗೆ ಯಾವ ನೆರವು?

ಚೇಳೆಂದರೆ ನಮ್ಮವರಿಗೆ ಭಯವೂ ಉಂಟು, ಭಕ್ತಿಯೂ ಉಂಟು. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಇಂದಿಗೂ ಪೂಜೆ ಸಲ್ಲುತ್ತದೆ. ಆದರೆ ಚೇಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಹವ್ಯಾಸ ನಮಗೆ ಹೊಸದು. ಹೀಗೆ ಸಾಕುವವರು ಬಹುವಾಗಿ ಮೆಚ್ಚಿದ್ದು ಪಶ್ಚಿಮ ಆಫ್ರಿಕಾದ ಕರಿಯ ಎಂಪರರ್ ಚೇಳನ್ನು. ಬೆಳೆದಾಗ ಅದರ ಉದ್ದ ಸುಮಾರು 20 ಸೆಂ.ಮೀ. ಈ ಹವ್ಯಾಸದ ಒಳಿತು ಕೆಡುಕುಗಳ ಚರ್ಚೆ ಹಾಗಿರಲಿ. ಸಾಕಿದ ಜೀವಿ ಪೊರೆ ಕಳಚಲಾರದೆ ಒದ್ದಾಡುವಾಗ ಸಾಕಿದವರ ಧರ್ಮವೇನು ಎಂಬುದೇ ಇಲ್ಲಿನ ಪ್ರಶ್ನೆ.

ಚೇಳಿನ ದೇಹ ಬೆಳೆಯುತ್ತದೆ; ಅದರ ಮೇಲಿನ ಕವಚ ಬೆಳೆಯುವುದಿಲ್ಲ. ಆದುದರಿಂದ ಪ್ರಾಯಕ್ಕೆ ಬರುವವರೆಗೆ ಅದು ಹಲವು ಬಾರಿ ಪೊರೆ ಕಳಚಲೇಬೇಕು. ಮೊದಲನೆಯ ಪೊರೆಯನ್ನು ಮರಿಯು ತಾಯಿಯ ಬೆನ್ನ ಮೇಲೆಯೇ ಕಳಚುತ್ತದೆ. ಉಳಿದವುಗಳನ್ನು ಒಂಟಿಯಾಗಿ ನಿಭಾಯಿಸಬೇಕು. ಹೊತ್ತು ಸಮೀಪಿಸಿದಾಗ ಅದು ಆಹಾರ ಬಿಡುತ್ತದೆ, ಮೈ ಉಬ್ಬುತ್ತದೆ, ಚಲನೆ ಮಂದವಾಗುತ್ತದೆ. ಬಳಿಕ ಹಳೆಯ ಕವಚವು ಮುಂಭಾಗದಲ್ಲಿ ಬಿರಿಯುತ್ತದೆ. ಆ ಬಿರುಕಿನಿಂದ ಚೇಳು ತನ್ನ ಇಕ್ಕುಳ, ಕಾಲು, ಬಾಲಗಳನ್ನು ಮೆಲ್ಲಮೆಲ್ಲನೆ ಹೊರಗೆಳೆದುಕೊಳ್ಳುತ್ತದೆ. ಇದಕ್ಕೆ ಹಲವು ಗಂಟೆಗಳೇ ಹಿಡಿಯಬಹುದು. ಸುತ್ತಲಿನ ಗಾಳಿ ತೀರ ಒಣಗಿದ್ದರೆ ಪೊರೆ ಅಂಟಿಕೊಂಡು, ಜೀವಿ ನಡುವಿನಲ್ಲೇ ಸಿಕ್ಕಿಬೀಳುವುದುಂಟು.

ಆಗ ನೋಡುವವರ ಕರುಳು ಚುರುಕ್ಕೆನ್ನುವುದು ಸಹಜ. ಚಿಮಟ ಹಿಡಿದು ಎಳೆದುಬಿಡೋಣವೆಂಬ ಆತುರವೂ ಹುಟ್ಟುತ್ತದೆ. ಈ ಆತುರವೇ ಅಪಾಯಕರ. ಪೊರೆಯೊಳಗಿನ ಹೊಸ ಚರ್ಮ ಆಗ ಬೆಣ್ಣೆಯಂತೆ ಮೃದು. ಎಳೆದರೆ ಸತ್ತ ಪೊರೆಯೊಡನೆ ಜೀವಂತ ಕಾಲೂ ಕಿತ್ತುಬರಬಹುದು. ಮೈಯ ದ್ರವ ಸೋರಿದರೆ ಪ್ರಾಣವೇ ಹೋದೀತು.

ನಿಜವಾದ ನೆರವು ಮುಂಚಿತವಾಗಿಯೇ ಸಲ್ಲಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪೆಟ್ಟಿಗೆಯಲ್ಲಿ ಬಿಲ ತೋಡಲು ಸಾಕಾಗುವಷ್ಟು ಮಣ್ಣು ಅಥವಾ ತೆಂಗಿನ ನಾರಿನ ಪುಡಿ ಹಾಕಿ, ಅದನ್ನು ತೇವವಾಗಿಟ್ಟಿರಬೇಕು, ಗಾಳಿಯಾಡಬೇಕು, ಕೆಸರಾಗಕೂಡದು. ದೆಹಲಿಯ ಬೇಸಿಗೆಯ ಗಾಳಿಯಲ್ಲಿ, ಹವಾನಿಯಂತ್ರಿತ ಕೊಠಡಿಯಲ್ಲಿ ಈ ತೇವ ಬೇಗ ಆರುತ್ತದೆಂಬುದನ್ನು ಮರೆಯಬಾರದು. ಮರುಭೂಮಿಯ ಜಾತಿಗಳಿಗಾದರೋ ಇಷ್ಟು ತೇವ ಸಲ್ಲದು. ಆಹಾರಕ್ಕೆಂದು ಬಿಟ್ಟ ಜಿರಲೆ, ಚಿಮ್ಮಂಡೆಗಳನ್ನು ತೆಗೆದುಬಿಡಬೇಕು. ನಿಸ್ಸಹಾಯಕ ಚೇಳನ್ನು ಅವೇ ಕಚ್ಚಿಯಾವು. ಸಿಕ್ಕಿಬಿದ್ದಾಗಲೂ ಸುತ್ತಲಿನ ತೇವವನ್ನು ಹೆಚ್ಚಿಸಿ, ಅಂಟಿದ ಪೊರೆಯನ್ನಷ್ಟೇ ಸಣ್ಣ ಕುಂಚದಿಂದ ಒದ್ದೆ ಮಾಡಿ ಕಾಯಬಹುದು. ಚೇಳನ್ನು ನೀರಿನಲ್ಲಿ ಅದ್ದಬಾರದು. ಅದರ ಉಸಿರಾಟದ ರಂಧ್ರಗಳಿರುವುದು ಹೊಟ್ಟೆಯ ಅಡಿಯಲ್ಲಿ. ಪೊರೆ ಬಿಟ್ಟ ಮೇಲೂ ಮೈ ಗಟ್ಟಿಯಾಗುವವರೆಗೆ ಕೆಲವು ದಿನ ಅದನ್ನು ಮುಟ್ಟದಿರುವುದೇ ಲೇಸು.

ಸಾಯುವ ಜೀವಿಯನ್ನು ಕೈಕಟ್ಟಿ ನೋಡುವುದು ನಿರ್ದಯವಲ್ಲವೆ ಎಂದು ಕೆಲವರು ಕೇಳಬಹುದು. ಆಫ್ರಿಕಾದ ಕಾಡಿನಲ್ಲಿ ಅದಕ್ಕೆ ಬಿಲದ ತಂಪಿತ್ತು. ಅದನ್ನು ಒಣ ಪೆಟ್ಟಿಗೆಗೆ ತಂದವರು ನಾವು. ಆ ತಂಪನ್ನು ಒದಗಿಸಲಾರದವರು ಚೇಳನ್ನು ತರದಿರುವುದೇ ದಯೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಾದ ತಿದ್ದುಪಡಿಯ ಮೇರೆಗೆ ಇಂತಹ ವಿದೇಶೀ ಜೀವಿಗಳನ್ನು ನೋಂದಾಯಿಸುವುದೂ ಅಗತ್ಯ.

ಪೋಷಕರಿಗೆ ಇನ್ನೊಂದು ಮಾತು. ಊರಿಗೆ ಹೋದಾಗ ಮಕ್ಕಳು ಕಲ್ಲಿನಡಿಯ ಚೇಳನ್ನು ಹಿಡಿದು ತರಲು ಬಿಡಬೇಡಿ. ಕೊಂಕಣದಲ್ಲೂ ಕರ್ನಾಟಕದಲ್ಲೂ ಇರುವ ಕೆಂಪು ಚೇಳಿನ ವಿಷ ಹೃದಯಕ್ಕೂ ಶ್ವಾಸಕೋಶಕ್ಕೂ ಮಾರಕವಾಗಬಲ್ಲದು. 1980ರ ದಶಕದಲ್ಲಿ ಮಹಾರಾಷ್ಟ್ರದ ಮಹಾಡದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ಔಷಧದ ಉಪಯೋಗವನ್ನು ತೋರಿಸಿಕೊಟ್ಟ ಬಳಿಕ ಎಷ್ಟೋ ಪ್ರಾಣಗಳು ಉಳಿದಿವೆ. ಆದರೆ ಆ ಔಷಧ ವೈದ್ಯರ ಕೈಯಿಂದಲೇ ಸಲ್ಲಬೇಕು. ಚೇಳು ಕುಟುಕಿದರೆ ಮಂತ್ರ, ಮನೆಮದ್ದುಗಳಲ್ಲಿ ಹೊತ್ತು ಕಳೆಯದೆ ಆಸ್ಪತ್ರೆ ಸೇರಿರಿ.

ಪೊರೆ ಕಳಚುವ ಚೇಳಿಗೆ ಬೇಕಾದುದು ತೇವ, ನಿಶ್ಶಬ್ದ ಮತ್ತು ಕಾಲಾವಕಾಶ. ಈ ಮೂರನ್ನೂ ಕೊಡುವ ತಾಳ್ಮೆಯಿದ್ದವರು ಮಾತ್ರ ಅದನ್ನು ಸಾಕಲಿ.