ನರ್ಸಿಂಗ್ ಹೋಮ್‌ಗೆ ಎಷ್ಟು ಸ್ಟಾರ್ ಕೊಡ್ತೀರಿ?

(1/5)
ಬೆಣ್ಣೆದೋಸೆ ಹೋಟೆಲ್‌ಗೆ ಸ್ಟಾರ್ ಕೊಡೋದು ಸುಲಭ. ತಿಂದಿದ್ದೀವಿ, ನಾಲಿಗೆಗೆ ಗೊತ್ತಾಗಿದೆ, ಮುಗೀತು. ಆದ್ರೆ ಅದೇ ಬೆರಳಲ್ಲಿ ನರ್ಸಿಂಗ್ ಹೋಮ್‌ಗೂ ಸ್ಟಾರ್ ಒತ್ತುತ್ತೀವಲ್ಲ, ಯಾವ ಧೈರ್ಯದ ಮೇಲೆ?

ನಮ್ಮ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ರೌಂಡ್ ಹಾಕಿದ್ರೆ ಸಾಕು, ಬೋರ್ಡ್ ಮೇಲೆ ಬೋರ್ಡ್. ಯಾವುದಾದ್ರೂ ಒಂದರ ರಿವ್ಯೂ ತೆಗೆದು ಓದಿ. ಪಾರ್ಕಿಂಗ್ ಇದೆ, ರೂಮ್ ಕ್ಲೀನ್ ಇದೆ, ಡಾಕ್ಟರ್ ನಗ್ತಾ ಮಾತಾಡಿಸ್ತಾರೆ, ಕೈಗುಣ ಚೆನ್ನಾಗಿದೆ. ಬದುಕಿ ಬಂದವರ ಮನೆಯವರು 5 ಕೊಡ್ತಾರೆ, ಕಳೆದುಕೊಂಡವರು ಸಿಟ್ಟಲ್ಲಿ 1 ಕೊಡ್ತಾರೆ. ಎರಡರಿಂದಲೂ ಆಸ್ಪತ್ರೆ ಹೇಗಿದೆ ಅಂತ ಗೊತ್ತಾಗಲ್ಲ. ಕೆಟ್ಟ ಆಸ್ಪತ್ರೆಯಲ್ಲೂ ಜನ ಗುಣ ಆಗ್ತಾರೆ, ಒಳ್ಳೆ ಆಸ್ಪತ್ರೆಯಲ್ಲೂ ಜನ ಸಾಯ್ತಾರೆ. ಕೈಗುಣ ಅನ್ನೋ ಮಾತಂತೂ ನಂಗೆ ಕೇಳಿದ್ರೇ ಆಗಲ್ಲ. ಪ್ರಶ್ನೆ ಕೇಳೋ ಕಷ್ಟ ತಪ್ಪಿಸಿಕೊಳ್ಳೋಕೆ ನಾವೇ ಮಾಡಿಕೊಂಡಿರೋ ಪದ ಅದು.

(2/5)
ನಿಜವಾದ ಪರೀಕ್ಷೆ ಮಧ್ಯಾಹ್ನ 12ಕ್ಕೆ ಅಲ್ಲ, ರಾತ್ರಿ 2ಕ್ಕೆ.

ನಮ್ಮೂರಿಗೆ ಡಾಕ್ಟರ್‌ಗಳ ಬರ ಇಲ್ಲ. ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಿಂದ ಇದೆ, ಆಮೇಲೆ ಎಸ್.ಎಸ್. ಕಾಲೇಜೂ ಬಂತು. ಅದಕ್ಕೇ ಸಣ್ಣ ನರ್ಸಿಂಗ್ ಹೋಮ್‌ನ ಬೋರ್ಡಲ್ಲೂ ಏಳೆಂಟು ಸ್ಪೆಷಲಿಸ್ಟ್ ಹೆಸರು ಇರುತ್ತೆ. ಅವರು ಸುಳ್ಳು ಡಾಕ್ಟರ್‌ಗಳಲ್ಲ. ಆದ್ರೆ ತುಂಬಾ ಕಡೆ ಅವರು ಕರೆದಾಗ ಬಂದು ಹೋಗೋರು. ಹರಿಹರದಲ್ಲಿ ಬೋರ್ಡ್ ಇದ್ದು ಡಾಕ್ಟರ್ ದಾವಣಗೆರೆಯಲ್ಲಿದ್ರೆ ನಡುವೆ 14 ಕಿ.ಮೀ. ಆಸುಪಾಸು ಹೈವೇ. ಆ ಹೊತ್ತಲ್ಲಿ ಪೇಷಂಟ್ ಯಾರ ಕೈಲಿರ್ತಾರೆ?

ಹರಿಹರದ ಒಂದು ಕಡೆ (ಹೆಸರು ಬೇಡ, ಕೇಳಬೇಡಿ) ನಮ್ಮ ಸಂಬಂಧಿಕರೊಬ್ಬರು ಅಡ್ಮಿಟ್ ಆಗಿದ್ದಾಗ ರಾತ್ರಿ ನಾನೇ ಇದ್ದೆ. ಡ್ಯೂಟಿಯಲ್ಲಿ ಇದ್ದದ್ದು ನನ್ನಷ್ಟೇ ವಯಸ್ಸಿನ ಹುಡುಗಿ. ಬಿಳಿ ಯೂನಿಫಾರ್ಮ್. ಮಾತಾಡ್ತಾ ಏನು ಓದಿದ್ದು ಅಂದೆ. "ಪಿಯುಸಿ ಅಕ್ಕಾ, ಕೆಲಸ ಇಲ್ಲೇ ಕಲ್ತೆ" ಅಂದ್ಲು. ಬೆಳಿಗ್ಗೆ 5ರ ಸುಮಾರಿಗೆ ಬಂದು ಚಾರ್ಟ್‌ನಲ್ಲಿ 12 ಗಂಟೆ, 2 ಗಂಟೆ, 4 ಗಂಟೆ ಬಿಪಿ ಒಂದೇ ಉಸಿರಲ್ಲಿ ಬರೆದು ಹೋದ್ಲು. ರಾತ್ರಿಯಿಡೀ ಯಾರೂ ಬಿಪಿ ನೋಡಿರಲಿಲ್ಲ. ಆ ಹುಡುಗಿ ಮೇಲೆ ನಂಗೆ ಕೋಪ ಇಲ್ಲ. ಇಡೀ ಫ್ಲೋರ್‌ಗೆ ಒಬ್ಳನ್ನೇ ಬಿಟ್ಟು, ಕಲಿಸದೇ ಯೂನಿಫಾರ್ಮ್ ಹಾಕಿಸಿದವರ ಮೇಲಿದೆ. ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮಾಡಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದ ನಮ್ಮದೇ ವಯಸ್ಸಿನ ಎಷ್ಟೋ ಜನ ಬೆಂಗಳೂರಿಗೆ ಹೋಗ್ತಿದ್ದಾರೆ. ಯಾಕೆ ಅಂತ ಯೋಚಿಸಿ.

ಆಡಿಟಿಂಗ್ ಕ್ಲಾಸ್‌ನಲ್ಲಿ ವೋಚರ್ ಇಲ್ಲದ ಎಂಟ್ರಿ ಒಪ್ಪಬೇಡಿ ಅಂತ ಹೇಳಿಕೊಡ್ತಾರೆ. ಆ ಚಾರ್ಟ್ ನೋಡಿದಾಗ ನೆನಪಾಗಿದ್ದು ಅದೇ. ಕಿರಾಣಿ ಅಂಗಡಿ ಲೆಕ್ಕಕ್ಕೆ ಇರೋ ಶಿಸ್ತು ಮನುಷ್ಯರ ಬಿಪಿಗೆ ಬೇಡ್ವಾ?

(3/5)
"ಕೇಳೋಕೆ ನಮಗೇನು ಹಕ್ಕಿದೆ?" ಅನ್ನೋರಿಗೆ ಈ ಭಾಗ.

ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಎಲ್ಲರೂ ಕೆಪಿಎಂಇ ಅಂತಾರೆ. ನೋಂದಣಿ ಇಲ್ಲದೆ ನರ್ಸಿಂಗ್ ಹೋಮ್ ನಡೆಸೋ ಹಾಗಿಲ್ಲ. ಚಿಕಿತ್ಸೆಯ ದರಪಟ್ಟಿ ಜನರಿಗೆ ಕಾಣೋ ಹಾಗೆ ಹಾಕಬೇಕು. 2017ರಲ್ಲಿ ಇದಕ್ಕೆ ತಿದ್ದುಪಡಿ ತಂದಾಗ ರಾಜ್ಯದ ಖಾಸಗಿ ಡಾಕ್ಟರ್‌ಗಳು ನವೆಂಬರ್‌ನಲ್ಲಿ ಓಪಿಡಿ ಬಂದ್ ಮಾಡಿ ಮುಷ್ಕರಕ್ಕೆ ಕೂತ್ರು. ಸರ್ಕಾರ ಕೆಲವು ಅಂಶ ಸಡಿಲಿಸಿತು. ಆದರೂ ಉಳಿದದ್ದು ಸಣ್ಣದಲ್ಲ: ಎಮರ್ಜೆನ್ಸಿಯಲ್ಲಿ ಅಡ್ವಾನ್ಸ್ ಕಟ್ಟಿದ್ರೇನೇ ಮುಟ್ತೀವಿ ಅನ್ನಂಗಿಲ್ಲ, ಬಾಕಿ ಇದೆ ಅಂತ ಹೆಣ ಹಿಡಿದಿಟ್ಟುಕೊಳ್ಳಂಗಿಲ್ಲ. ದೂರು ಕೊಡೋಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ. ಹರಿಹರದವರು ಇದಕ್ಕೆ ಬೆಂಗಳೂರಿಗೆ ಹೋಗೋದು ಬೇಡ, ದಾವಣಗೆರೆ ಸಾಕು.

ಈಗ ಹೇಳಿ, ನೀವು ಕೊನೇ ಸಲ ಹೋದ ನರ್ಸಿಂಗ್ ಹೋಮ್‌ನ ಗೋಡೆ ಮೇಲೆ ಏನಿತ್ತು? ಗಣಪತಿ ಫೋಟೋ, ಡಾಕ್ಟರ್‌ಗೆ ಯಾರೋ ಸನ್ಮಾನ ಮಾಡಿದ ಫೋಟೋ, "ಚಪ್ಪಲಿ ಹೊರಗೆ ಬಿಡಿ". ದರಪಟ್ಟಿ?

(4/5)
ನಮ್ಮ ಬಿಕಾಂ ಗ್ಯಾಂಗ್‌ಗೆ ಸ್ಪೆಷಲ್. ದುಡ್ಡು ಕೊಟ್ಟು ಪಡೆಯೋ ಚಿಕಿತ್ಸೆಯೂ ಗ್ರಾಹಕ ಕಾನೂನಿನ ಒಳಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅದನ್ನ ಎಕ್ಸಾಮ್‌ಗೆ ಬಾಯಿಪಾಠ ಮಾಡ್ತೀವಿ, ಮನೆಯವರ ಡಿಸ್ಚಾರ್ಜ್ ದಿನ ಮಾತ್ರ "ಮಿಸಲೇನಿಯಸ್" ಅನ್ನೋ ಒಂದು ಸಾಲಿಗೆ ಬಾಯಿ ಮುಚ್ಚಿಕೊಂಡು ಫೋನ್‌ಪೇ ಮಾಡ್ತೀವಿ. ಬಿಲ್ ಬಿಡಿಸಿ ಕೊಡಿ ಅನ್ನಿ. ಒಳರೋಗಿಯ ರೆಕಾರ್ಡ್ ಕೇಳಿದ್ರೆ 72 ಗಂಟೆಯೊಳಗೆ ಕೊಡಬೇಕು ಅಂತ ಡಾಕ್ಟರ್‌ಗಳದ್ದೇ 2002ರ ನಿಯಮಾವಳಿಯಲ್ಲಿದೆ. ಪೇಷಂಟ್ ಕಳಿಸಿದ್ದಕ್ಕೆ ಕಮಿಷನ್ ಕೊಡೋದು, ತಗೊಳ್ಳೋದು ತಪ್ಪು ಅಂತಲೂ ಅದರಲ್ಲೇ ಇದೆ. (ಆಂಬುಲೆನ್ಸ್ ಯಾವ ಗೇಟ್ ಮುಂದೆ ಯಾಕೆ ನಿಲ್ಲುತ್ತೆ ಅಂತ ಆಮೇಲೆ ಬರೀತೀನಿ, ಅದು ಬೇರೆ ಕಥೆ.)

ಇನ್ನೊಂದು ಲೆಕ್ಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಸರ್ಕಾರಿ ಆಸ್ಪತ್ರೆಗಳ ಹೆರಿಗೆಯಲ್ಲಿ ಶೇ. 14.3 ಸಿಸೇರಿಯನ್, ಖಾಸಗಿಯಲ್ಲಿ ಶೇ. 47.4. ಖಾಸಗಿಗೆ ಹೋಗೋ ಹೆಣ್ಮಕ್ಕಳ ದೇಹವೇ ಬೇರೆ ಥರ ಇರುತ್ತಾ? ಪ್ರತಿ ಸಿಸೇರಿಯನ್ ಸುಳ್ಳು ಅಂತಲ್ಲ, ಜೀವ ಉಳಿಸಿದ್ದೂ ಇದೆ. ಆದ್ರೆ ಹೆರಿಗೆಗೆ ನರ್ಸಿಂಗ್ ಹೋಮ್ ನೋಡ್ತಿರೋ ಅಕ್ಕಂದಿರು "ನಿಮ್ಮಲ್ಲಿ ನೂರಕ್ಕೆ ಎಷ್ಟು ನಾರ್ಮಲ್?" ಅಂತ ಮೊದಲೇ ಕೇಳಬಹುದು. ರಕ್ತ ಬೇಕಾದ್ರೆ ಎಲ್ಲಿಂದ, ಅನಸ್ತೇಷಿಯಾ ಡಾಕ್ಟರ್ ಎಷ್ಟು ನಿಮಿಷದಲ್ಲಿ ಬರ್ತಾರೆ ಅಂತಲೂ. ಈ ಪ್ರಶ್ನೆಗೆ ಮುಖ ಗಂಟು ಹಾಕಿಕೊಂಡ್ರೆ ನಂಗೆ ಅದೇ ರೇಟಿಂಗ್.

(5/5)
ಹಿಂದೆ ಸ್ಟೋರಿ ಹಾಕಿದಾಗ ಬಂದ ಡಿಎಂ: "20 ಬೆಡ್ ಇಟ್ಕೊಂಡು ಬಡವರಿಗೆ ಕಡಿಮೆ ರೇಟಲ್ಲಿ ನೋಡೋರನ್ನ ಓಡಿಸಿ ಕಾರ್ಪೊರೇಟ್ ಕರೀತೀರಾ?" ಇಲ್ಲ. ಹಳ್ಳಿಯಿಂದ ಬಂದವರ ಹತ್ರ ಕನ್ನಡದಲ್ಲಿ, ಸಮಾಧಾನದಲ್ಲಿ ಮಾತಾಡೋ ಸಣ್ಣ ನರ್ಸಿಂಗ್ ಹೋಮ್‌ಗಳು ನಮ್ಮಲ್ಲಿವೆ. ರಾತ್ರಿ ಮೇಲಿನ ಮನೆಯಿಂದ ಇಳಿದು ಬಂದು ನೋಡೋ ಡಾಕ್ಟರ್‌ಗಳೂ ಇದ್ದಾರೆ. ದೊಡ್ಡ ಗಾಜಿನ ಬಿಲ್ಡಿಂಗ್‌ಗಿಂತ ನಂಗೆ ಅಂಥದ್ದೇ ಇಷ್ಟ. ಆದ್ರೆ ದರಪಟ್ಟಿಯ ಒಂದು ಫ್ಲೆಕ್ಸ್‌ಗೆ ಎಷ್ಟು ಖರ್ಚು? "ಇಂದು ರಾತ್ರಿ ಡ್ಯೂಟಿ ಡಾಕ್ಟರ್ ಇವರು" ಅಂತ ಬೋರ್ಡಲ್ಲಿ ಚಾಕ್‌ಪೀಸಲ್ಲಿ ಬರೆಯೋಕೆ? ಹಬ್ಬಕ್ಕೆ ಸರ್ಕಲ್‌ನಲ್ಲಿ ಶುಭಾಶಯದ ಕಟೌಟ್ ಹಾಕೋಕೆ ಇರೋ ದುಡ್ಡು ಇದಕ್ಕೆ ಇಲ್ವಾ?

ಈ ವಾರ ಯಾರನ್ನಾದ್ರೂ ನೋಡೋಕೆ ಆಸ್ಪತ್ರೆಗೆ ಹೋದ್ರೆ ಎಳನೀರು ಕೊಟ್ಟು ಬರೋ ಮುಂಚೆ ಕೌಂಟರ್‌ನಲ್ಲಿ ಎರಡೇ ಮಾತು ಕೇಳಿ: ದರಪಟ್ಟಿ ಎಲ್ಲಿ ಹಾಕಿದ್ದೀರಿ, ಇವತ್ತು ರಾತ್ರಿ ಯಾವ ಡಾಕ್ಟರ್ ಇಲ್ಲೇ ಇರ್ತಾರೆ. ಏನು ಉತ್ತರ ಬಂತು ಅಂತ ಡಿಎಂ ಮಾಡಿ. ಆಸ್ಪತ್ರೆ ಹೆಸರು, ಪೇಷಂಟ್ ಫೋಟೋ ಬೇಡ. ಉತ್ತರಗಳನ್ನ ಒಟ್ಟು ಮಾಡಿ ಮುಂದಿನ ಸರಣಿಯಲ್ಲಿ ಹಾಕ್ತೀನಿ.

#ದಾವಣಗೆರೆ #ಹರಿಹರ #ದರಪಟ್ಟಿಎಲ್ಲಿ