ಓದದೆ ಹಾಕುವ ಸಹಿ

ವೈದ್ಯರು ಹೇಳಿದ್ದು 8 ಯುನಿಟ್ ಇನ್ಸುಲಿನ್. ಡಿಸ್ಚಾರ್ಜ್ ಸಮ್ಮರಿಯಲ್ಲಿ ಅಚ್ಚಾದದ್ದು 80. ಅಮೆರಿಕದ ಅಲಬಾಮಾದಲ್ಲಿ 2008ರಲ್ಲಿ ಈ ಒಂದು ಸೊನ್ನೆಗೆ ರೋಗಿಯೊಬ್ಬರು ಬಲಿಯಾದರು. 2012ರಲ್ಲಿ ಅಲ್ಲಿನ ಜ್ಯೂರಿ ವಿಧಿಸಿದ ದಂಡ 14 ಕೋಟಿ ಡಾಲರ್. ತಪ್ಪು ಯಂತ್ರದ್ದಲ್ಲ, ಭಾರತದಲ್ಲಿ ಕುಳಿತು ಧ್ವನಿ ಕೇಳಿ ಟೈಪ್ ಮಾಡಿದವರದು. ಆದರೆ ಟೈಪಾದದ್ದನ್ನು ವೈದ್ಯರು ಓದಿ ನೋಡುವ ಮೊದಲೇ ಅದು ಮುಂದಿನ ಆಸ್ಪತ್ರೆಗೆ ಔಷಧದ ಆದೇಶವಾಗಿ ಹೋಗಿತ್ತಲ್ಲ, ನಿಜವಾದ ಅಪರಾಧ ಅದು.

ಈಗ ಆ ಟೈಪಿಸ್ಟರ ಜಾಗಕ್ಕೆ ಮಾತನ್ನು ಬರಹಕ್ಕಿಳಿಸುವ ತಂತ್ರಾಂಶ ಬಂದಿದೆ. ಅದರ ಯೋಗ್ಯತೆ ಎಷ್ಟೆಂಬುದು ಗುಟ್ಟಲ್ಲ. 2018ರಲ್ಲಿ ಜಾಮಾ ನೆಟ್‌ವರ್ಕ್ ಓಪನ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ವೈದ್ಯರು ಹೇಳಿ ಬರೆಸಿದ 217 ಟಿಪ್ಪಣಿಗಳನ್ನು ಜರಡಿ ಹಿಡಿಯಿತು. ಯಂತ್ರದ ಕರಡಿನಲ್ಲಿ 100 ಪದಕ್ಕೆ 7.4 ತಪ್ಪು, ಟ್ರಾನ್ಸ್‌ಕ್ರಿಪ್ಷನಿಸ್ಟ್ ತಿದ್ದಿದ ಮೇಲೆ 0.4. ಬೆಂಗಳೂರಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಅಮೆರಿಕದ ವೈದ್ಯರ ಗೊಣಗಾಟವನ್ನು ಬಿಡಿಸಿ ಬರೆದ ಒಂದು ತಲೆಮಾರಿನ ಕಸುಬಿಗೆ ಬೇರೆ ಪ್ರಮಾಣಪತ್ರ ಬೇಡ. ಖರ್ಚು ಉಳಿಸುವ ಹೆಸರಿನಲ್ಲಿ ಈ ತಂತ್ರಾಂಶ ಕಿತ್ತುಹಾಕುವುದು ಅವರ ಈ ಕೆಲಸವನ್ನೇ.

ತಪ್ಪಾಗಿ ಕೇಳಿಸಿಕೊಳ್ಳುವುದು ಬೇರೆ, ಇಲ್ಲದ್ದನ್ನು ಹುಟ್ಟಿಸುವುದು ಬೇರೆ. ಓಪನ್‌ಎಐ ಕಂಪನಿಯ ಇಂಥದ್ದೇ ತಂತ್ರಾಂಶ ವಿಸ್ಪರ್ ಕುರಿತ 2024ರ ಸಂಶೋಧನೆಯಲ್ಲಿ ಸುಮಾರು ಶೇ 1ರಷ್ಟು ಧ್ವನಿ ತುಣುಕುಗಳ ಬರಹದಲ್ಲಿ ಯಾರೂ ಆಡದ ಮಾತುಗಳು ಸಿಕ್ಕವು. ಮೆದುಳಿನ ಪೆಟ್ಟಿನಿಂದ ಮಾತು ಕುಂಠಿತವಾಗಿ, ನಡುನಡುವೆ ತಡೆದು ನಿಲ್ಲುವವರಲ್ಲಿ ಇದು ಇನ್ನೂ ಹೆಚ್ಚು. ಅಂದರೆ, ತನ್ನ ನೋವನ್ನು ಹೇಳಿಕೊಳ್ಳಲು ಅತಿ ಹೆಚ್ಚು ಒದ್ದಾಡುವ ರೋಗಿಯ ಬಾಯಿಗೇ ಯಂತ್ರ ತನ್ನ ಮಾತು ತುರುಕುತ್ತದೆ! ವಿಸ್ಪರ್ ಆಧರಿಸಿ ವೈದ್ಯರ ಟಿಪ್ಪಣಿ ಸಿದ್ಧಪಡಿಸುವ ನಾಬ್ಲಾ ಸಾಧನವನ್ನು 30,000ಕ್ಕೂ ಹೆಚ್ಚು ವೈದ್ಯರು, ಸಿಬ್ಬಂದಿ ಬಳಸುತ್ತಾರೆ, ಮೂಲ ಧ್ವನಿಯನ್ನು ಅದು ಅಳಿಸುತ್ತದೆ ಎಂದು ಅದೇ ವರ್ಷ ಅಸೋಸಿಯೇಟೆಡ್ ಪ್ರೆಸ್ ವರದಿ ಮಾಡಿತು. ಕೊಟ್ಟ ಕಾರಣ, ದತ್ತಾಂಶದ ಸುರಕ್ಷತೆ. ಸಾಕ್ಷಿಯನ್ನೇ ಅಳಿಸಿ ಅದಕ್ಕೆ ಸುರಕ್ಷತೆಯೆಂದು ಹೆಸರಿಡುವುದು ಒಪ್ಪತಕ್ಕದ್ದಲ್ಲ.

ಟೈಪ್ ಮಾಡುವ ಹೊರೆ ಇಳಿದು ವೈದ್ಯರ ಕಣ್ಣು ಕೀಬೋರ್ಡ್ ಬಿಟ್ಟು ರೋಗಿಯ ಮುಖ ನೋಡಲಿ, ಅದು ಬೇಕಾದದ್ದೇ. ಆದರೆ ಇಂಥ ತಂತ್ರಾಂಶ ಕೊಳ್ಳಲು ಹೊರಟ ನಮ್ಮ ಆಸ್ಪತ್ರೆಗಳ ಆಡಳಿತ ಮಂಡಳಿಗಳು ಮೊದಲೇ ಷರತ್ತು ಹಾಕಬೇಕು. ವೈದ್ಯರು ಸಹಿ ಮಾಡುವ ತನಕ ಧ್ವನಿ ಉಳಿಯಬೇಕು. ಕರಡು ಕರಡೆಂದೇ ಕಾಣಬೇಕು. ಔಷಧದ ಹೆಸರು, ಪ್ರಮಾಣವನ್ನು ವೈದ್ಯರು ಒಂದೊಂದಾಗಿ ಖಚಿತಪಡಿಸದೆ ಕಡತ ಮುಂದಕ್ಕೆ ಸರಿಯಕೂಡದು. ಹತ್ತಾರು ಟಿಪ್ಪಣಿಗಳಿಗೆ ಒಮ್ಮೆಲೇ ಸಹಿ ಒತ್ತುವ ಗುಂಡಿಯಂತೂ ಇರಲೇಕೂಡದು. ಇಷ್ಟಕ್ಕೆ ಒಪ್ಪದ ಕಂಪನಿಯ ಟೆಂಡರನ್ನು ತಿರಸ್ಕರಿಸಬೇಕು.